ಚಪ್ಪಟೆಯಾದ ಡಬ್ಬಿ ಫೋಟೊದಲ್ಲಿ ಕಸದಂತೆ ಕಾಣುವುದೇಕೆ?

ಪ್ರಶ್ನೆ: ಮನೆ ಡೊಂಬಿವ್ಲಿ, ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ. ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಆಫೀಸಿಗೆ ನಡೆಯುವಾಗ ದಾರಿಯಲ್ಲಿ ಬಿದ್ದಿರುವ ತಂಪು ಪಾನೀಯದ ಡಬ್ಬಿ, ಫ್ರೂಟಿ ಪ್ಯಾಕು, ಚಹಾದ ಕಾಗದದ ಕಪ್ಪುಗಳ ಫೋಟೊ ತೆಗೆಯುವ ಹುಚ್ಚು ಹತ್ತಿದೆ. ಗಾಡಿ ಹತ್ತಿ ಜಜ್ಜಿಹೋದ ಡಬ್ಬಿ ಕಣ್ಣಿಗೆ ಚೆಂದ ಕಾಣುತ್ತದೆ, ಫೋಟೊದಲ್ಲಿ ಬರೀ ಕಸ. ಬೆಳ್ಳಿ ಬಣ್ಣದ ಜಾಗವೆಲ್ಲ ಬಿಳಿ ಕಲೆ. ನೀರಿನ ಬಾಟಲಿಯಂತೂ ಕಾಣುವುದೇ ಇಲ್ಲ. ಮೊಬೈಲ್ ಇದೆ, 18-55 ಮಿ.ಮೀ. ಲೆನ್ಸಿನ ಹಳೆಯ ಡಿಎಸ್‌ಎಲ್‌ಆರ್ ಇದೆ. ಹೊಳಪು ಕತ್ತರಿಸುವ ಪೋಲರೈಸರ್ ಫಿಲ್ಟರ್ ಕೊಳ್ಳಲೇ? ಸಿಕ್ಕಿದ್ದನ್ನು ಮನೆಗೆ ತಂದು ತೊಳೆದು ತೆಗೆದರೆ ಹೇಗೆ? ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಇಪ್ಪತ್ತು ಚಿತ್ರ ಗೋಡೆಗೆ ಹಾಕುವ ಆಸೆಯಿದೆ.

ಉತ್ತರ: ಪೋಲರೈಸರ್ ಕೊಳ್ಳಬೇಡಿ, ಡಬ್ಬಿ ತೊಳೆಯಬೇಡಿ. ಕಾರಣ ಮುಂದೆ ಬರುತ್ತದೆ. ಮೊದಲು ಬದಲಾಗಬೇಕಾದದ್ದು ನೀವು ನಿಲ್ಲುವ ರೀತಿ.

ನಿಂತಲ್ಲಿಂದ ಓರೆಯಾಗಿ ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಡಬ್ಬಿಯ ಹಿಂದೆ ಫುಟ್‌ಪಾತಿನ ಅಂಚು, ಗಟಾರದ ಜಾಲರಿ, ಗುಟ್ಕಾ ಉಗುಳಿದ ಕಲೆ, ಯಾರದೋ ಚಪ್ಪಲಿ ಎಲ್ಲವೂ ಸೇರಿಕೊಳ್ಳುತ್ತವೆ. ನೋಡುವವರು ಅಷ್ಟನ್ನೂ ಒಟ್ಟಿಗೆ ಓದಿ ಗಲೀಜು ಎಂದು ಮುಂದೆ ಸಾಗುತ್ತಾರೆ. ಅದೇ ಡಬ್ಬಿಯ ನೆತ್ತಿಯ ಮೇಲೆ ಕ್ಯಾಮೆರಾ ಹಿಡಿದು ನೇರ ಕೆಳಕ್ಕೆ ತೆಗೆಯಿರಿ. ರಸ್ತೆ ಒಂದು ಸಮತಟ್ಟಾದ ಹಾಸಾಗುತ್ತದೆ, ದೂರ-ಹತ್ತಿರದ ಗೊಂದಲ ಹೋಗುತ್ತದೆ, ಡಬ್ಬಿಯ ಹೊರಗೆರೆ ಮಾತ್ರ ಉಳಿಯುತ್ತದೆ. ಕಸ ವಸ್ತುವಾಗುವುದು ಇಲ್ಲಿ. ಇನ್ನೊಂದು ಮಾತು: ಇಪ್ಪತ್ತು ಚಿತ್ರಕ್ಕೂ ಒಂದೇ ಕೋನ, ಒಂದೇ ಎತ್ತರ, ಒಂದೇ ಬಗೆಯ ಬೆಳಕು ಇರಲಿ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ನೀರಿನ ಗೋಪುರಗಳನ್ನೂ ಕಬ್ಬಿಣದ ಕುಲುಮೆಗಳನ್ನೂ ದಶಕಗಳ ಕಾಲ ಹೀಗೆಯೇ ತೆಗೆದರು: ಮೋಡ ಮುಸುಕಿದ ಆಕಾಶ, ಎದುರಿನಿಂದ ನೇರ ನೋಟ, ಅಕ್ಕಪಕ್ಕ ಜೋಡಿಸಿದ ಚಿತ್ರಗಳು. ಉಳಿದದ್ದೆಲ್ಲ ಒಂದೇ ಆದಾಗ ವಸ್ತುವಿನಿಂದ ವಸ್ತುವಿಗಿರುವ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಅವರು ಕಾದು ಕಾದು ಪಡೆದ ಮೋಡದ ಬೆಳಕು ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಕ್ಕಟೆ.

ಈಗ ಅಳತೆ. 330 ಮಿ.ಲೀ. ಡಬ್ಬಿಯ ವ್ಯಾಸ ಸುಮಾರು 66 ಮಿ.ಮೀ., ಎತ್ತರ 115 ಮಿ.ಮೀ. ಅಡ್ಡ ಬಿದ್ದ ಡಬ್ಬಿಯ ಮೇಲೆ ಚಕ್ರ ಹರಿದು ಅದು ಪೂರ್ತಿ ಚಪ್ಪಟೆಯಾದರೆ ಅಗಲ ಸುತ್ತಳತೆಯ ಅರ್ಧ, ಅಂದರೆ ಸುಮಾರು 10.4 ಸೆಂ.ಮೀ. ನೆಟ್ಟಗೆ ನಿಂತಿದ್ದಾಗ ಮೇಲಿಂದ ಒತ್ತಿದ್ದರೆ ದುಂಡನೆಯ ಬಿಲ್ಲೆ. 200 ಮಿ.ಲೀ. ಟೆಟ್ರಾ ಪ್ಯಾಕು ಮೂಲೆಯ ಕಿವಿಗಳು ಬಿಚ್ಚಿ ಚಪ್ಪಟೆಯಾದಾಗ 15-16 ಸೆಂ.ಮೀ. ಉದ್ದ. ಹಾಗಾಗಿ 24 × 16 ಸೆಂ.ಮೀ. ಚೌಕಟ್ಟು ಇವೆಲ್ಲಕ್ಕೂ ಸಾಕು, ಸುತ್ತ ಸ್ವಲ್ಪ ರಸ್ತೆಯೂ ಉಳಿಯುತ್ತದೆ. ನಿಮ್ಮ ಡಿಎಸ್‌ಎಲ್‌ಆರ್ ಕ್ರಾಪ್ ಸೆನ್ಸರ್‌ನದಾದರೆ (ಬೆಳಕು ಹಿಡಿಯುವ ಫಲಕ ಫುಲ್ ಫ್ರೇಮಿಗಿಂತ ಚಿಕ್ಕದು), ಲೆನ್ಸನ್ನು 55ಕ್ಕೆ ತಿರುಗಿಸಿ ಇಟ್ಟಾಗ ಈ ಚೌಕಟ್ಟು ಸಿಗುವುದು ಸೆನ್ಸರ್‌ನಿಂದ ರಸ್ತೆಗೆ ಸುಮಾರು 66 ಸೆಂ.ಮೀ. ಇರುವಾಗ. ಲೆಕ್ಕಕ್ಕಿಂತ ಮನೆಯಲ್ಲಿ ಒಮ್ಮೆ ನೆಲದ ಮೇಲೆ ಸ್ಕೇಲಿಟ್ಟು ನೋಡುವುದು ಒಳ್ಳೆಯದು. ಸರಿಯಾದ ಎತ್ತರ ಸಿಕ್ಕ ಮೇಲೆ ಕ್ಯಾಮೆರಾದ ಪಟ್ಟಿ ಸಿಕ್ಕಿಸುವ ಬಳೆಗೆ ಒಂದು ದಾರ ಕಟ್ಟಿ, ತುದಿಗೆ ನಟ್ಟು ತೂಗಿಬಿಡಿ. ಗಾರೆಯವರ ತೂಗುಗುಂಡಿನ ಹಾಗೆ. ನಟ್ಟು ರಸ್ತೆಗೆ ತಾಗಿದರೆ ಎತ್ತರ ಸರಿ, ದಾರ ಕ್ಯಾಮೆರಾದ ಬೆನ್ನಿಗೆ ಲಂಬವಾಗಿದ್ದರೆ ಕೋನವೂ ಸರಿ. ಆಮೇಲೆ ದಾರವನ್ನು ಚೌಕಟ್ಟಿನಿಂದ ಆಚೆ ಸರಿಸಿ ಕ್ಲಿಕ್ಕಿಸಿ. 18ಕ್ಕೆ ತಿರುಗಿಸಿ ಹತ್ತಿರ ಹೋಗುವ ಆಸೆ ಬೇಡ. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಡಬ್ಬಿಯ ಎತ್ತರದ ಭಾಗ ಊದಿಕೊಂಡು, ಅಂಚು ಒಳಕ್ಕೆ ಸರಿದಂತೆ ಕಾಣುತ್ತದೆ. ನಿಂತಿರುವ ಚಹಾ ಕಪ್ಪಿನಲ್ಲಿ ಬಾಯಿ ಅಗಲವಾಗಿ, ತಳ ಬೊಟ್ಟಿನಷ್ಟಾಗಿ ಬರುತ್ತದೆ.

ಮೊಬೈಲಿಗೂ ಇದೇ ನಿಯಮ. ಮುಖ್ಯ ಕ್ಯಾಮೆರಾದಲ್ಲಿ 25 ಸೆಂ.ಮೀ. ಹತ್ತಿರ ಹೋಗುವ ಬದಲು 2ಎಕ್ಸ್ ಇಟ್ಟು ಮೇಲಕ್ಕೆ ಸರಿಯಿರಿ. ಹತ್ತಿರ ಹೋದೊಡನೆ ಹಲವು ಫೋನುಗಳು ಹೇಳದೆ ಕೇಳದೆ ಅಲ್ಟ್ರಾವೈಡ್ ಲೆನ್ಸಿಗೆ ಹಾರಿ ಮ್ಯಾಕ್ರೊ ಎಂದು ತೋರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮುಚ್ಚಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಡಬ್ಬಿಯ ಹರಿದ ಅಂಚನ್ನು ಕೂದಲೆಂದೋ ಏನೆಂದೋ ತಿಳಿದು ಮಸುಕು ಮಾಡುತ್ತದೆ. ಗ್ರಿಡ್ ಮತ್ತು ಲೆವೆಲ್ ಆನ್ ಇದ್ದರೆ ಫೋನನ್ನು ನೆಲದ ಕಡೆ ಮುಖ ಮಾಡಿದಾಗ ಪರದೆಯ ನಡುವೆ ಎರಡು ಕೂಡು ಗುರುತು ಬರುತ್ತವೆ. ಅವೆರಡೂ ಒಂದರ ಮೇಲೊಂದು ಕೂತಾಗ ಫೋನು ಸಮತಟ್ಟು. ಆದರೆ ಇಳಿಜಾರಿನ ಫುಟ್‌ಪಾತಿನಲ್ಲಿ ಈ ಲೆವೆಲ್ ಮೋಸ ಮಾಡುತ್ತದೆ, ಏಕೆಂದರೆ ಫೋನು ಸಮಾನಾಂತರವಾಗಿರಬೇಕಾದದ್ದು ಡಬ್ಬಿ ಮಲಗಿರುವ ನೆಲಕ್ಕೆ. ಪೇವರ್ ಬ್ಲಾಕ್ ಇರುವಲ್ಲಿ ಅದರ ಗೆರೆಗಳು ಚೌಕಟ್ಟಿನ ಎರಡು ಬದಿಯಲ್ಲೂ ಒಂದೇ ಅಂತರದಲ್ಲಿ ಓಡುತ್ತಿವೆಯೇ ನೋಡಿಕೊಳ್ಳಿ.

ಫೋಕಸ್ಸಿನಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಡಬ್ಬಿಯ ಅತಿ ಎತ್ತರದ ಮಡಿಕೆಗೆ ಫೋಕಸ್ ಮಾಡುವುದು. ಮೇಲೆ ಹೇಳಿದ ದೂರದಲ್ಲಿ ಎಫ್ 8ರಲ್ಲಿ (ಇದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಚೂಪಾಗಿ ಬರುವ ಆಳ ಸುಮಾರು 3.5 ಸೆಂ.ಮೀ. ಮಾತ್ರ, ಅದು ಫೋಕಸ್ ಬಿಂದುವಿನ ಮೇಲೂ ಕೆಳಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ನೆತ್ತಿಗೆ ಫೋಕಸ್ ಮಾಡಿದರೆ ಮೇಲಿನ ಅರ್ಧ ಗಾಳಿಯಲ್ಲಿ ವ್ಯರ್ಥ, ಕೆಳಗೆ ಡಾಂಬರಿನ ಜಲ್ಲಿ ಮಸುಕು. ಡಬ್ಬಿಯ ಅರ್ಧ ಎತ್ತರಕ್ಕೆ ಫೋಕಸ್ ಮಾಡಿ, ಮೇಲಿನ ಮಡಿಕೆಯೂ ಕೆಳಗಿನ ಜಲ್ಲಿಯೂ ಎರಡೂ ಸಿಗುತ್ತವೆ. ಎಫ್ 11ರಲ್ಲಿ ಆಳ ಐದು ಸೆಂ.ಮೀ. ಹತ್ತಿರ ಹೋಗುತ್ತದೆ. ಎಫ್ 16 ದಾಟಿದರೆ ಇಡೀ ಚಿತ್ರವೇ ಮೆತ್ತಗಾಗುವುದರಿಂದ ಅಲ್ಲಿಗೆ ನಿಲ್ಲಿಸಿ. ಎಂಟು ಸೆಂ.ಮೀ. ಎತ್ತರದ ಕಪ್ಪು ನೆಟ್ಟಗೆ ನಿಂತಿದ್ದರೆ ಒಂದು ಚಿತ್ರದಲ್ಲಿ ಪೂರ್ತಿ ಬರುವುದಿಲ್ಲ. ಫೋಕಸ್ ಬದಲಿಸಿ ಮೂರು-ನಾಲ್ಕು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬೇಕು, ಇಲ್ಲವೇ ಅದನ್ನು ಬಿಟ್ಟು ಜಜ್ಜಿದ ಕಪ್ಪು ಹುಡುಕಬೇಕು. ಮುಂಬಯಿಯಲ್ಲಿ ಅದಕ್ಕೇನೂ ಬರವಿಲ್ಲ.

ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ. ಕಟ್ಟಡದ ನೆರಳಿನಲ್ಲಿ ಹಗಲು ಎಫ್ 8, 1/250, ಐಎಸ್‌ಓ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 400 ಒಳ್ಳೆಯ ಆರಂಭ. ಬೆಳಕು ಹರಿಯುವ ಹೊತ್ತಿಗೆ ಅದೇ ಎಫ್ 8ಕ್ಕೆ ಐಎಸ್‌ಓ 1600 ಬೇಕಾದೀತು. ಹಳೆಯ ಕ್ಯಾಮೆರಾದಲ್ಲಿ ಅಷ್ಟಕ್ಕೆ ಕಾಳು ಕಾಳು ಬಂದರೂ ಡಾಂಬರಿನ ಒರಟಿನಲ್ಲಿ ಅದು ಕರಗಿಹೋಗುತ್ತದೆ. ಕ್ಯಾಮೆರಾದ ಬೆಳಕಿನ ಮೀಟರನ್ನು ಕುರುಡಾಗಿ ನಂಬಬೇಡಿ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಡಾಂಬರಿದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಎಲ್ಲವನ್ನೂ ಬೆಳಗಿಸುತ್ತದೆ. ನಿಮ್ಮ ಬಿಳಿ ಕಲೆಗಳಿಗೆ ಅರ್ಧ ಕಾರಣ ಇದೇ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರು ಹೇಳಿದ್ದಕ್ಕಿಂತ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗು) ಮೈನಸ್ 2/3ರಿಂದ ಮೈನಸ್ 1ಕ್ಕೆ ಇಳಿಸಿ. ಪಾಲಿಕೆ ಈಗ ರಸ್ತೆ ರಸ್ತೆಗೆ ಹಾಕುತ್ತಿರುವ ಕಾಂಕ್ರೀಟು ತಿಳಿಬೂದು ಬಣ್ಣದ್ದು, ಅದರ ಮೇಲೆ ಈ ಇಳಿಕೆ ಬೇಕಾಗುವುದಿಲ್ಲ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ, ಬೆಳ್ಳಿಯ ಅಂಚಿನಲ್ಲಿ ಸ್ವಲ್ಪ ವಿವರ ಹಿಂದಕ್ಕೆ ಎಳೆಯಬಹುದು.

ಕಲೆಯ ಉಳಿದರ್ಧ ಕಾರಣ ಹೊಳಪು. ಬರಿಯ ಅಲ್ಯೂಮಿನಿಯಂ ಎಂದರೆ ಕನ್ನಡಿ. ಸಮತಟ್ಟಾಗಿ ಬಿದ್ದ ತುಂಡು ತನ್ನ ನೇರ ಮೇಲಿರುವುದನ್ನು, ಅಂದರೆ ನಿಮ್ಮ ಕ್ಯಾಮೆರಾವನ್ನೇ ತೋರಿಸುತ್ತದೆ, ಹಾಗಾಗಿ ಕಪ್ಪಾಗಿ ಕಾಣುತ್ತದೆ. ಹತ್ತು ಡಿಗ್ರಿ ವಾಲಿದ ಮಡಿಕೆ ಇಪ್ಪತ್ತು ಡಿಗ್ರಿ ಓರೆಯಲ್ಲಿರುವ ಆಕಾಶವನ್ನು ತೋರಿಸುತ್ತದೆ. ಜಜ್ಜಿದ ಡಬ್ಬಿಯಲ್ಲಿ ನೂರು ಮಡಿಕೆ, ಒಂದೊಂದೂ ಆಕಾಶದ ಒಂದೊಂದು ಚೂರನ್ನು ಹಿಡಿದಿರುತ್ತದೆ. ಅದರಲ್ಲಿ ಒಂದು ಮಡಿಕೆ ಸೂರ್ಯನನ್ನು ಹಿಡಿದರೆ ಯಾವ ಎಕ್ಸ್‌ಪೋಷರ್ರೂ ಕಾಪಾಡದು. ಪರಿಹಾರ ಡಬ್ಬಿಯಲ್ಲಿಲ್ಲ, ಅದು ನೋಡುವ ಆಕಾಶದಲ್ಲಿದೆ. ಬಿಸಿಲಿದ್ದರೆ ಕಟ್ಟಡದ ನೆರಳಿನಲ್ಲಿ ಬಿದ್ದದ್ದನ್ನಷ್ಟೇ ತೆಗೆಯಿರಿ, ಇಲ್ಲವೇ ಕೊಡೆ ಬಿಚ್ಚಿ. ಬಿಳಿ ಕೊಡೆ ಉತ್ತಮ. ಅದು ಸಿಗದಿದ್ದರೆ ಹಳೆಯ ಬಿಳಿ ಪಂಚೆಯ ತುಂಡನ್ನು ಕೊಡೆಯ ಒಳಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಆಗ ಬಿಸಿಲು ತಡೆಯುವುದು ಕರಿ ಕೊಡೆಯೇ, ಮಡಿಕೆಗಳಿಗೆ ಕಾಣುವುದು ಬಿಳಿ ಬಟ್ಟೆ. ಪಕ್ಕದಿಂದ ಬರುವ ಬೆಳಕು ಬಟ್ಟೆಗೆ ಬಡಿದು ಲೋಹದ ಮೇಲೆ ಹಾಲಿನಂತೆ ಇಳಿಯುತ್ತದೆ. ಕರಿ ಕೊಡೆ ಬರಿದಾಗಿದ್ದರೆ ಲೋಹ ಕಪ್ಪಾಗಿ ಅಂಚುಗಳಲ್ಲಿ ಮಾತ್ರ ಮಿನುಗುತ್ತದೆ. ಗಾಢ ಬಣ್ಣದ ಡಬ್ಬಿಗೆ ಇದು ಹೊಂದಬಹುದು, ಆದರೆ ಸರಣಿಯ ನಡುವೆ ಒಂದಕ್ಕೆ ಬಿಳಿ ಒಂದಕ್ಕೆ ಕಪ್ಪು ಬೇಡ. ಕೊಡೆ ಕೆಳಗಿದ್ದಷ್ಟೂ ಹೆಚ್ಚು ಮಡಿಕೆಗಳನ್ನು ಆವರಿಸುತ್ತದೆ. ಬಣ್ಣದ ಕೊಡೆ ಬೇಡವೇ ಬೇಡ. ನಿಮ್ಮ ಅಂಗಿಯೂ ಡಬ್ಬಿಯಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ, ಕೆಂಪು ಟಿ-ಶರ್ಟು ತೊಟ್ಟು ತೆಗೆದ ಬೆಳ್ಳಿ ಡಬ್ಬಿ ಗುಲಾಬಿಯಾಗಿ ಬರುತ್ತದೆ.

ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯ ವಾರದಲ್ಲಿ ಮತ್ತೊಮ್ಮೆ ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಜುಲೈಯಲ್ಲಿ ಮೋಡ ಕಾಪಾಡುತ್ತದೆ. ಮೇ ತಿಂಗಳಿನಲ್ಲಿ ಊಟದ ಬಿಡುವಿಗೆ ಹೊರಬಿದ್ದು ನೇರ ಕೆಳಗೆ ತೆಗೆಯಲು ಹೋದರೆ ನಿಮ್ಮ ತಲೆಯ ನೆರಳೇ ಡಬ್ಬಿಯ ಮೇಲೆ ಕೂರುತ್ತದೆ.

ಇನ್ನು ಪೋಲರೈಸರ್. ಒದ್ದೆ ರಸ್ತೆಯ ಹೊಳಪು ತೆಗೆಯಲು ಇದನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ, ಓರೆಯಾಗಿ ತೆಗೆಯುವವರಿಗೆ ಅದು ಸರಿಯೂ ಹೌದು. ನೀರು, ಗಾಜು, ಪ್ಲಾಸ್ಟಿಕ್‌ಗಳ ಮೇಲಿನ ಪ್ರತಿಫಲನವನ್ನು ಅದು ಚೆನ್ನಾಗಿ ಕತ್ತರಿಸುವುದು ಲಂಬದಿಂದ 53-56 ಡಿಗ್ರಿ ಓರೆಯಲ್ಲಿ ನೋಡುವಾಗ. ನೇರ ಕೆಳಗೆ ನೋಡುವಾಗ ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುವುದೇ ಇಲ್ಲ, ಫಿಲ್ಟರನ್ನು ಎಷ್ಟು ತಿರುಗಿಸಿದರೂ ಏನೂ ಆಗದು. ಬರಿಯ ಲೋಹದ ಹೊಳಪಂತೂ ಯಾವ ಕೋನದಲ್ಲೂ ಅದಕ್ಕೆ ಹೆಚ್ಚು ಬಗ್ಗುವುದಿಲ್ಲ. ಸಿಗುವುದು ಒಂದೂವರೆ ಎರಡು ಸ್ಟಾಪ್ ಬೆಳಕಿನ ನಷ್ಟ ಅಷ್ಟೇ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ). ಆ ಹಣಕ್ಕೆ ಒಂದು ಬಿಳಿ ಕೊಡೆ, ಒಂದು ಬೂದು ಕಾರ್ಡು, 15 ಸೆಂ.ಮೀ. ಉಕ್ಕಿನ ಸ್ಕೇಲು ಮೂರೂ ಬರುತ್ತವೆ.

ಬೂದು ಕಾರ್ಡು, ಅಂದರೆ ಬಣ್ಣ ಹೊಂದಿಸಲು ಬಳಸುವ ಅಪ್ಪಟ ಬೂದು ಹಲಗೆ, ಏಕೆಂದರೆ ಬಣ್ಣಕ್ಕೆ. ಬಿಸಿಲಿಗೆ ಬಿದ್ದ ಪ್ಯಾಕಿನಲ್ಲಿ ಸಾಮಾನ್ಯವಾಗಿ ಮೊದಲು ಮಾಸುವುದು ಹಳದಿ ಮತ್ತು ಕೆನ್ನೀಲಿಗೆಂಪು ಶಾಯಿ. ನೀಲಿ ಮತ್ತು ಕಪ್ಪು ಉಳಿದು ಇಡೀ ಪ್ಯಾಕು ತಣ್ಣನೆಯ ನೀಲಿಗೆ ತಿರುಗುತ್ತದೆ. ಹಳದಿ ಮಾವಿನ ರಸದ ಪ್ಯಾಕು ಎರಡು ತಿಂಗಳು ಗಟಾರದ ಬದಿಯಲ್ಲಿದ್ದರೆ ಏನಾಗುತ್ತದೆಂದು ನೀವು ನೋಡಿಯೇ ಇರುತ್ತೀರಿ. ಬಣ್ಣವನ್ನು ತಾನಾಗಿ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಈ ನೀಲಿಯನ್ನು ದೋಷವೆಂದು ತಿಳಿದು ಸರಿಪಡಿಸಿಬಿಡುತ್ತದೆ, ಪ್ಯಾಕಿನ ವಯಸ್ಸೇ ಅಳಿಸಿಹೋಗುತ್ತದೆ. ಪ್ರತಿ ಜಾಗದಲ್ಲಿ ಮೊದಲ ಚಿತ್ರ ಬೂದು ಕಾರ್ಡಿನದು ಇರಲಿ, ಅಲ್ಲಿಯ ಉಳಿದೆಲ್ಲ ಚಿತ್ರಕ್ಕೂ ಅದೇ ಲೆಕ್ಕ. ಬೀದಿ ದೀಪದಡಿ ರಾತ್ರಿ ತೆಗೆದದ್ದು ಬಣ್ಣದ ಮಟ್ಟಿಗೆ ಸರಣಿಗೆ ಸೇರುವುದಿಲ್ಲ.

ಸ್ಕೇಲು ಇಟ್ಟು ಒಂದು, ಇಡದೆ ಒಂದು ಚಿತ್ರ ತೆಗೆಯಿರಿ. ಸ್ಕೇಲು ಮರೆತರೆ ನಾಣ್ಯ ಸಾಕು: ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಮುಂದೆ ನಿಜಗಾತ್ರದಲ್ಲಿ ಮುದ್ರಿಸಲು ಇದೇ ಆಧಾರ.

ಪಾರದರ್ಶಕ ಬಾಟಲಿಯ ಕಥೆ ಬೇರೆ. ಮೇಲಿಂದ ಸಮನಾದ ಬೆಳಕು ಬಿದ್ದರೆ ಪೆಟ್ ಪ್ಲಾಸ್ಟಿಕ್ಕಿನ ಬಾಟಲಿ ತನ್ನ ಕೆಳಗಿನ ರಸ್ತೆಯನ್ನು ತೋರಿಸಿ ತಾನು ಮಾಯವಾಗುತ್ತದೆ. ಅದಕ್ಕೆ ಬೇಕಾದದ್ದು ಬದಿಯ ಬೆಳಕು, ಬೆಳಿಗ್ಗೆ ಏಳು-ಎಂಟರ ಹೊತ್ತಿನ ತಗ್ಗು ಬಿಸಿಲು. ಆಗ ಪ್ರತಿ ಸುಕ್ಕಿನ ಒಂದು ಬದಿ ಬೆಳಗಿ ಇನ್ನೊಂದು ಬದಿಯಲ್ಲಿ ಗೆರೆ ಮೂಡುತ್ತದೆ. ಆದರೆ ಅದೇ ಬೆಳಕು ಲೋಹದ ಡಬ್ಬಿಗೆ ಶತ್ರು. ಹಾಗಾಗಿ ಬಾಟಲಿಗಳನ್ನು ಈ ಇಪ್ಪತ್ತರಲ್ಲಿ ಸೇರಿಸಬೇಡಿ, ಬೇರೆಯೇ ಸರಣಿ ಮಾಡಿ. ಒಂದು ವಿನಾಯಿತಿ: ಒಳಗೆ ಕೆಸರೋ ಚಹಾವೋ ತುಂಬಿ ಕಂದಾಗಿರುವ ಬಾಟಲಿ ಮೋಡದ ಬೆಳಕಿನಲ್ಲೂ ಚೆನ್ನಾಗಿ ಬರುತ್ತದೆ. ಸೋಡಾ, ಕೋಲಾದ ಬಾಟಲಿಗೂ ನೀರಿನ ಬಾಟಲಿಗೂ ಜಜ್ಜಿದ ಮೇಲೂ ವ್ಯತ್ಯಾಸ ಉಳಿಯುತ್ತದೆ. ಅನಿಲದ ಒತ್ತಡ ತಡೆಯಲು ಕೋಲಾದ ಬಾಟಲಿಯ ತಳಕ್ಕೆ ಐದು ದಳದ ದಪ್ಪ ಪಾದ ಇರುತ್ತದೆ, ಮೈ ಹಪ್ಪಳವಾದರೂ ಪಾದ ಹೂವಿನ ಹಾಗೆ ನಿಲ್ಲುತ್ತದೆ. ಬರೀ ಆ ತಳಗಳನ್ನೇ ಸಂಗ್ರಹಿಸಿದರೂ ಒಂದು ಗೋಡೆ ತುಂಬುತ್ತದೆ.

ಬೀರ್ ಬಾಟಲಿಯ ಮುಚ್ಚಳವೂ ಹಾಗೆಯೇ. ಎಣಿಸಿ ನೋಡಿ, ಹಲ್ಲು 21 ಇರುತ್ತವೆ. ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಚಕ್ರಗಳ ಭಾರಕ್ಕೆ ಮುಚ್ಚಳ ಒಳಗೆ ಕೂತು, ಮಳೆಗೆ ತುಕ್ಕು ಹಿಡಿದು ರಸ್ತೆಯ ಭಾಗವೇ ಆಗುತ್ತದೆ. ಕಾಂಕ್ರೀಟು ಹೀಗೆ ಹಿಡಿದುಕೊಳ್ಳುವುದಿಲ್ಲ. ಡಾಂಬರು ಹೋದಲ್ಲೆಲ್ಲ ಈ ಮುಚ್ಚಳಗಳೂ ಹೋಗುತ್ತವೆ, ಆದ್ದರಿಂದ ತೆಗೆಯುವುದಿದ್ದರೆ ಈಗಲೇ ತೆಗೆಯಿರಿ. ಇದಕ್ಕೆ 24 ಸೆಂ.ಮೀ. ಚೌಕಟ್ಟು ದೊಡ್ಡದು. ಲೆನ್ಸನ್ನು 55ರಲ್ಲೇ ಇಟ್ಟು ಫೋಕಸ್ ಆಗುವಷ್ಟು ಹತ್ತಿರ ಹೋದರೆ ಸುಮಾರು 7 ಸೆಂ.ಮೀ. ಚೌಕಟ್ಟು ಸಿಗುತ್ತದೆ.

ಸಿಗುವ ಹೊತ್ತು, ಜಾಗದ ವಿಚಾರಕ್ಕೆ ಬಂದರೆ, ಹತ್ತು ಗಂಟೆಗೆ ಆಫೀಸಿಗೆ ನಡೆಯುವ ನಿಮಗೆ ಒಳ್ಳೆಯ ಡಬ್ಬಿಗಳು ಕಡಿಮೆ ಸಿಗುತ್ತಿರಬೇಕು. ಬೆಳಗಿನ ಪಾಳಿಯ ಪಾಲಿಕೆ ಕಾಮಗಾರರು ಅಷ್ಟರಲ್ಲಿ ಗುಡಿಸಿರುತ್ತಾರೆ. ಅದಕ್ಕೂ ಮುಂಚೆ ಚಿಂದಿ ಆಯುವವರು ಬಂದು ಹೋಗಿರುತ್ತಾರೆ. ಭಂಗಾರ್‌ವಾಲಾನ (ಗುಜರಿಯವನ) ತಕ್ಕಡಿಯಲ್ಲಿ ಇವುಗಳ ಪೈಕಿ ಕಿಲೋಗೆ ಹೆಚ್ಚು ಬೆಲೆ ಅಲ್ಯೂಮಿನಿಯಂಗೆ, ಆದ್ದರಿಂದ ಡಬ್ಬಿ ಮೊದಲು ಹೋಗುತ್ತದೆ, ಆಮೇಲೆ ಪೆಟ್ ಬಾಟಲಿ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿಕೊಂಡಿರುವ ಟೆಟ್ರಾ ಪ್ಯಾಕನ್ನು ಬಿಡಿಸುವುದು ಕಷ್ಟ, ಬೆಲೆಯೂ ಕಡಿಮೆ, ಅದು ಉಳಿಯುತ್ತದೆ. ಚಹಾ ಕಪ್ಪನ್ನು ಯಾರೂ ಕೇಳುವುದಿಲ್ಲ. ಡಬ್ಬಿ ಬೇಕೆಂದರೆ ಮೊದಲ ಲೋಕಲ್ಲುಗಳ ಹೊತ್ತಿಗೆ ಇಳಿಯಿರಿ, ಅಥವಾ ಗಾಡಿ ಹತ್ತಿ ನೆಲಕ್ಕೇ ಅಂಟಿದ್ದನ್ನು ಹುಡುಕಿ. ಕೆರೆದು ತೆಗೆಯುವ ಶ್ರಮಕ್ಕೆ ಬೆಲೆ ಹುಟ್ಟದ್ದರಿಂದ ಅವು ವಾರಗಟ್ಟಲೆ ಇರುತ್ತವೆ. ಯಾರಾದರೂ ಆಯ್ದು ಚೀಲದ ಪಕ್ಕ ಇಟ್ಟುಕೊಂಡದ್ದನ್ನು ಮುಟ್ಟಬೇಡಿ, ಅದು ಅವರ ದಿನದ ದುಡಿಮೆ.

ಮಳೆಗಾಲದಲ್ಲಿ 4.5 ಮೀಟರಿಗಿಂತ ಎತ್ತರದ ಭರತವಿದ್ದ ದಿನ ಸಮುದ್ರ ತಾನು ನುಂಗಿದ್ದನ್ನು ಮರೀನ್ ಡ್ರೈವಿನ ಮೇಲೆ ವಾಪಸು ಎಸೆಯುತ್ತದೆ. ಮರಳಿನಲ್ಲಿ ಉಜ್ಜಿ ಅಚ್ಚು ಅಳಿಸಿಹೋದ, ಗೊರಸಿನಷ್ಟು ನಯವಾದ ಪ್ಲಾಸ್ಟಿಕ್ ಸಿಗುವುದು ಆಗಲೇ. ನೀರು ಇಳಿದ ಮೇಲೆ ಫುಟ್‌ಪಾತಿನಲ್ಲಿ ತೆಗೆಯಿರಿ, ದಡದ ಟೆಟ್ರಾಪಾಡ್‌ಗಳ ಮೇಲೆ ಇಳಿಯಬೇಡಿ. (ಟೆಟ್ರಾ ಪ್ಯಾಕಿಗೂ ಆ ನಾಲ್ಕು ಕಾಲಿನ ಕಾಂಕ್ರೀಟು ಕಲ್ಲಿಗೂ ಹೆಸರು ಬಂದದ್ದು ಗ್ರೀಕಿನ ನಾಲ್ಕರಿಂದಲೇ. ಸ್ವೀಡನ್ನಿನ ಆ ಕಂಪನಿಯ ಮೊದಲ ಪ್ಯಾಕಿಗೆ ನಾಲ್ಕು ತ್ರಿಕೋನ ಮುಖಗಳಿದ್ದವು.) ಮಾಟುಂಗಾದ ಕಡೆ ಹೋದರೆ ಫಿಲ್ಟರ್ ಕಾಫಿಯ ಕಪ್ಪುಗಳು, ಅಲ್ಲಲ್ಲಿ ಎಳನೀರಿನ ಬುರುಡೆ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಯಲ್ಲಿ ಇಲ್ಲಿಗೆ ಬರುವ ಎಳನೀರಿನ ಬುರುಡೆಯೂ ಪಾನೀಯದ ಪೊಟ್ಟಣವೇ ತಾನೇ? ಆದರೆ ಅದರ ಎತ್ತರಕ್ಕೆ ಎಫ್ 11 ಕೂಡ ಸಾಲದು, ಹೋಳು ಮಾಡಿ ಎಸೆದದ್ದಾದರೆ ಸರಿ.

ರಸ್ತೆಯ ನಡುವಿನದ್ದಕ್ಕೆ ಇಳಿಯಬೇಡಿ. ಬಗ್ಗಿ ಪರದೆ ನೋಡುತ್ತಿರುವವರಿಗೆ ಹಿಂದಿನಿಂದ ಬರುವ ಬೆಸ್ಟ್ ಬಸ್ಸು ಕಾಣುವುದಿಲ್ಲ. ರೈಲ್ವೆ ಆವರಣ, ಬಂದರು, ನೌಕಾಪಡೆಯ ಗೋಡೆಯ ಆಸುಪಾಸು ಕ್ಯಾಮೆರಾ ಚೀಲದಲ್ಲೇ ಇರಲಿ. ಫುಟ್‌ಪಾತಿನಲ್ಲಿ ಯಾರಾದರೂ ಮಲಗಿರುವ ಜಾಗದ ಪಕ್ಕ ಬಗ್ಗಿ ಫೋಟೊ ತೆಗೆಯುವುದೂ ಸಲ್ಲ, ನೀವು ತೆಗೆಯುತ್ತಿರುವುದು ಕಪ್ಪನ್ನೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ತೆಗೆದ ಮೇಲೆ ಕಾಲಿನಿಂದಲೋ ಕಡ್ಡಿಯಿಂದಲೋ ಮಗುಚಿ ಹಿಂಬದಿಯನ್ನೂ ದಾಖಲಿಸಿ. ಗೋಡೆಗೆ ಅದು ಬೇಡ, ಮಾಹಿತಿಗೆ ಬೇಕು. ಡಬ್ಬಿಯ ಒಳಬಾಗಿದ ತಳದಲ್ಲಿ ತಯಾರಿಕೆಯ ದಿನ, ಬ್ಯಾಚು, ಕೆಲವೊಮ್ಮೆ ಬೆಲೆ ಚುಕ್ಕಿ ಅಕ್ಷರಗಳಲ್ಲಿರುತ್ತವೆ, ಚಕ್ರ ಹರಿದರೂ ತಳ ಗಟ್ಟಿಯಾದ್ದರಿಂದ ಅದು ಉಳಿಯುತ್ತದೆ. ದಿನಾಂಕ ಅಳಿಸಿದ್ದರೆ ಬೇರೆ ಸುಳಿವು ನೋಡಿ. ರೂಪಾಯಿಯ ಈಗಿನ ಚಿಹ್ನೆ ಬಂದದ್ದು 2010ರ ಜುಲೈಯಲ್ಲಿ. ಅದಿದ್ದರೆ ಪ್ಯಾಕು ಅದಕ್ಕಿಂತ ಹಿಂದಿನದಲ್ಲ. ಪ್ಲಾಸ್ಟಿಕ್ ಸ್ಟ್ರಾ ದೇಶಾದ್ಯಂತ ನಿಷೇಧವಾದದ್ದು 2022ರ ಜುಲೈ 1ರಂದು. ಬೆನ್ನಿಗೆ ಪ್ಲಾಸ್ಟಿಕ್ ಸ್ಟ್ರಾ ಅಂಟಿಸಿಕೊಂಡಿರುವ ಜ್ಯೂಸ್ ಪ್ಯಾಕು ಅದಕ್ಕೂ ಹಿಂದಿನದಿರುವ ಸಂಭವ ಹೆಚ್ಚು, ಕಾಗದದ ಸ್ಟ್ರಾ ಇದ್ದರೆ ಬಹುಶಃ ಆಮೇಲಿನದು. ಆದ್ದರಿಂದ ಸ್ಟ್ರಾವನ್ನು ಚಿತ್ರದಿಂದ ಆಚೆ ಎಸೆಯಬೇಡಿ. ಫೈಲಿನ ಹೆಸರಿನಲ್ಲಿ ದಿನಾಂಕ, ಬೀದಿ, ಕ್ರಮಸಂಖ್ಯೆ ಇರಲಿ. ಡಬ್ಬಿಯನ್ನು ಸರಿಸಿದ್ದರೆ ಅದನ್ನೂ ಬರೆದಿಡಿ. ಚೆಂದದ ಹಿನ್ನೆಲೆಗಾಗಿ ಹತ್ತಡಿ ಆಚೆ ಒಯ್ದು ಇಡುವುದು ತಪ್ಪಲ್ಲ, ಇಟ್ಟು "ಸಿಕ್ಕಿದ್ದು" ಎನ್ನುವುದು ತಪ್ಪು.

ಮನೆಗೆ ತರುವ ವಿಚಾರ. ಅದಕ್ಕೂ ದೊಡ್ಡ ಪರಂಪರೆಯಿದೆ. ಅಮೆರಿಕದ ಅರ್ವಿಂಗ್ ಪೆನ್ ಬೀದಿಯ ಸಿಗರೇಟು ತುಂಡುಗಳನ್ನು ಸ್ಟುಡಿಯೊಗೆ ತರಿಸಿ ಬಿಳಿ ಹಿನ್ನೆಲೆಯಲ್ಲಿ ತೆಗೆದು, ಹಿಗ್ಗಿಸಿ, ಪ್ಲಾಟಿನಂ ಮುದ್ರಣ ಮಾಡಿ 1975ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೋರಿಸಿದರು. 1977ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜಜ್ಜಿದ ಕಾಗದದ ಕಪ್ಪುಗಳಂಥ ಬೀದಿಯ ವಸ್ತುಗಳ ಸರದಿ. ಆದರೆ ಬಿಳಿ ಹಿನ್ನೆಲೆ ರಸ್ತೆಯನ್ನು ಕಳೆದುಬಿಡುತ್ತದೆ. ನಿಮ್ಮ ಚಿತ್ರದ ಹೆಸರು ಮುಂಬಯಿ ಎಂದಾದರೆ ಡಾಂಬರು, ಪೇವರ್, ಒದ್ದೆ ಕಾಂಕ್ರೀಟು ಜೊತೆಗಿರಬೇಕು ಎಂಬುದು ನಮ್ಮ ಅಭಿಪ್ರಾಯ. ತರಲೇಬೇಕೆನಿಸಿದ ಅಪರೂಪದ್ದನ್ನು ಕೈಗವಸು ತೊಟ್ಟು ಇಕ್ಕಳದಲ್ಲಿ ಎತ್ತಿ ಜಿಪ್ ಚೀಲಕ್ಕೆ ಹಾಕಿ. ಹರಿದ ಡಬ್ಬಿಯ ಅಂಚು ಬ್ಲೇಡಿನಷ್ಟೇ ಹರಿತ. ನಿಂತ ಮಳೆ ನೀರಿನಲ್ಲಿ ತೇಲುವುದನ್ನು ಗಾಯವಿರುವ ಕೈಯಿಂದ ಮುಟ್ಟಬೇಡಿ, ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಈ ಊರಿನಲ್ಲಿ ಪ್ರತಿ ಮಳೆಗಾಲದ ತಲೆನೋವು.

ತೊಳೆಯಬಾರದು ಏಕೆಂದರೆ ನೀವು ಚಿತ್ರ ತೆಗೆಯುತ್ತಿರುವುದು ರಸ್ತೆ ಆ ಡಬ್ಬಿಗೆ ಮಾಡಿದ್ದನ್ನು. ಟೈರಿನ ಗುರುತು, ಡಾಂಬರಿನ ಚುಕ್ಕಿ, ಜಲ್ಲಿ ಒತ್ತಿದ ಕುಳಿಗಳಲ್ಲಿ ಕೂತ ಧೂಳು, ಇವೆಲ್ಲ ಸೋಪು ನೀರಿಗೆ ಹೋಗುತ್ತವೆ, ಉಳಿಯುವುದು ಬರೀ ಜಾಹೀರಾತು. ಟೆಟ್ರಾ ಪ್ಯಾಕಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕಾಗದ. ಕತ್ತರಿಸಿದ ಅಂಚಿನಿಂದ ನೀರು ಒಳಹೊಕ್ಕರೆ ಪದರ ಬಿಟ್ಟು ಉಬ್ಬುತ್ತದೆ. ವಾಸನೆಗೂ ಇರುವೆಗೂ ಕಾರಣ ಒಳಗೆ ಉಳಿದ ಸಕ್ಕರೆ ಮತ್ತು ಹಾಲು. ಸೂಜಿ ಇಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು ಒಳಗೆ ಬಿಟ್ಟು ಎರಡು ಬಾರಿ ಕುಲುಕಿ ಚೆಲ್ಲಿ, ನೆರಳಿನಲ್ಲಿ ಒಣಗಿಸಿ, ಹೊರಮೈಗೆ ಒಣ ಮೆತ್ತನೆಯ ಬ್ರಶ್ ಮಾತ್ರ.

ಮನೆಯಲ್ಲಿ ತೆಗೆಯುವಾಗ ನೆರಳು ಬೇಡವೆಂದರೆ ಕಿಟಕಿಯ ಪಕ್ಕ ಎರಡು ಇಟ್ಟಿಗೆ ರಾಶಿಯ ಮೇಲೆ ಒಂದು ಗಾಜು, ಅದರ 25-30 ಸೆಂ.ಮೀ. ಕೆಳಗೆ ಬೂದು ಹಾಳೆ. ಡಬ್ಬಿಯ ನೆರಳು ಹಾಳೆಯ ಮೇಲೆ ಚೌಕಟ್ಟಿನಿಂದ ಆಚೆ ಬೀಳುತ್ತದೆ. ಕ್ಯಾಮೆರಾ ನೇರವಾಗಿದೆಯೇ ನೋಡಲು ಗಾಜಿನ ನಡುವೆ ಸಣ್ಣ ಕನ್ನಡಿಯಿಡಿ, ಲೆನ್ಸಿನ ಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಸರಿ. ಪೂರ್ತಿ ಚಪ್ಪಟೆಯಾದ ಟೆಟ್ರಾ ಪ್ಯಾಕಿಗೆ ಇದಾವುದೂ ಬೇಡ, ಸ್ಕ್ಯಾನರ್ ಸಾಕು. ಗಾಜಿಗೆ ಗೀರು ಬೀಳದಂತೆ ತೆಳು ಪಾರದರ್ಶಕ ಹಾಳೆ ಹಾಸಿ, ಮುಚ್ಚಳ ತೆರೆದಿಟ್ಟು ಮೇಲೆ ಕರಿ ಬಟ್ಟೆ ಹೊದಿಸಿ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 16 ಸೆಂ.ಮೀ. ಉದ್ದಕ್ಕೆ ಸುಮಾರು 3780 ಪಿಕ್ಸೆಲ್ ಬರುತ್ತದೆ. ತೆಳ್ಳನೆಯ ಅಗ್ಗದ ಸ್ಕ್ಯಾನರುಗಳಲ್ಲಿ ಗಾಜಿಗೆ ತಾಗದ ಭಾಗ ಕೂಡಲೇ ಮಸುಕಾಗುತ್ತದೆ, ಉಬ್ಬಿರುವುದಕ್ಕೆ ಅವು ಆಗವು.

ಗೋಡೆಗೆ: ಇಪ್ಪತ್ತು ಬೇಕಾದರೆ ಇನ್ನೂರು ತೆಗೆಯಿರಿ. ನಿಜಗಾತ್ರದಲ್ಲೇ ಮುದ್ರಿಸಿ, 24 × 16 ಸೆಂ.ಮೀ. ಚಿತ್ರ ಎ4 ಹಾಳೆಯಲ್ಲಿ ಅಂಚು ಬಿಟ್ಟು ಸರಿಯಾಗಿ ಕೂರುತ್ತದೆ. 300 ಡಿಪಿಐಗೆ ಉದ್ದಕ್ಕೆ ಸುಮಾರು 2835 ಪಿಕ್ಸೆಲ್ ಸಾಕು, ಹತ್ತು ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾಕ್ಕೂ ಇದು ಭಾರವಲ್ಲ. ಕಾಗದ ಮ್ಯಾಟ್ ಇರಲಿ, ಸಂಘದ ಹಾಲಿನ ಟ್ಯೂಬ್‌ಲೈಟಿಗೆ ಗ್ಲಾಸಿ ಕಾಗದ ಮತ್ತೆ ಅದೇ ಬಿಳಿ ಕಲೆ ಕೊಡುತ್ತದೆ. 5 ಮಿ.ಮೀ. ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಅಂಟಿಸಿ, ಹಾಳೆಗಳನ್ನು ನೆಟ್ಟಗೆ ನಿಲ್ಲಿಸಿದಂತೆ ಅಡ್ಡಕ್ಕೆ ಐದು, ಕೆಳಕ್ಕೆ ನಾಲ್ಕು, ನಡುವೆ 3 ಸೆಂ.ಮೀ. ಬಿಟ್ಟು ಜೋಡಿಸಿದರೆ 117 ಸೆಂ.ಮೀ. ಅಗಲ, 128 ಸೆಂ.ಮೀ. ಎತ್ತರದ ಒಂದೇ ಫಲಕ. ಅದರ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರಲಿ. ಚಿತ್ರದ ಕೆಳಗೆ ಜಾಗ, ತಿಂಗಳು, ಎಷ್ಟು ಮಿ.ಲೀ. ಇಷ್ಟೇ ಬರೆಯಿರಿ, ಚಮತ್ಕಾರದ ಶೀರ್ಷಿಕೆ ಬೇಡ. ಎರಡು ಬದಿ ಅಂಟುವ ಟೇಪನ್ನು ನಂಬಿದರೆ ಸುಣ್ಣದ ಗೋಡೆಯಲ್ಲಿ, ಈ ಊರಿನ ತೇವಕ್ಕೆ, ಸ್ವಾಗತ ಭಾಷಣ ಮುಗಿಯುವುದರೊಳಗೆ ಫಲಕ ಕೆಳಗಿರುತ್ತದೆ. ಎರಡು ಮೊಳೆ, ಒಂದು ನೈಲಾನ್ ಹುರಿ ಒಯ್ಯಿರಿ.